ಕುಣಿತದ ಜೊತೆಗಾತಿ ಲೀಲಾ ಕಾರಂತ

ನಮ್ಮ ಪಂಜದ ಕಡೆಯವರಿಗೆ ಪುತ್ತೂರು ಅಂದ್ರೆ ಶಿವರಾಮ ಕಾರಂತರ ಬಾಲವನವೂ ನೆನಪಾಗುತ್ತೆ. ಕಾದಂಬರಿಗಳ ಮಾತು ಬರುತ್ತೆ, 1977ರ ಜ್ಞಾನಪೀಠದ ಮಾತು ಬರುತ್ತೆ. ಲೀಲಾ ಅವರ ಕುಣಿತದ ಮಾತು ಮಾತ್ರ ಅಪರೂಪ.

ಲೀಲಾ ಆಳ್ವ ಓದುತ್ತಿದ್ದ ಶಾಲೆಗೆ ಕಾರಂತರು ನೃತ್ಯ ಕಲಿಸಲು, ನಾಟಕ ಆಡಿಸಲು ಬರುತ್ತಿದ್ದರು. 1936ರ ಮೇ 6ರಂದು ಮದುವೆ. ಅವರು ಬ್ರಾಹ್ಮಣರು, ಇವರು ಬಂಟರ ಹುಡುಗಿ. ಜನ ಆಡಿಕೊಂಡು ನಕ್ಕರು. ನೃತ್ಯ ಕಲಿತಿದ್ದ ಲೀಲಾ ಮಾತ್ರ ಕಾರಂತರ ಗೀತನಾಟಕಗಳಲ್ಲಿ ತಾವೂ ರಂಗಕ್ಕಿಳಿದರು. ಮನೆಮಾತು ತುಳು, ಶಾಲೆಯಲ್ಲಿ ಓದಿದ್ದು ಮರಾಠಿ. ಮದುವೆಯಾದ ಮೇಲೆ ಕನ್ನಡವನ್ನು ಮತ್ತೆ ಕಲಿತು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ತಂದರು!

ಲೀಲಾ 1986ರಲ್ಲಿ ತೀರಿಕೊಂಡರು. ಕಾರಂತರು 1997ರವರೆಗೆ ಇದ್ದರು. ನಡುವಿನ ಆ ಹನ್ನೊಂದು ವರ್ಷಗಳ ಬಗ್ಗೆ ನಾನು ಆಗಾಗ ಯೋಚಿಸ್ತೇನೆ. ನನ್ನ ಜತೆ ಯಕ್ಷಗಾನದ ಧೀಂಗಿಣ ಕಲಿತ ಗೆಳೆಯ ಈಗಿಲ್ಲ. ಆಟ ನೋಡಿ ಬಂದ ಬೆಳಿಗ್ಗೆ, ಯಾರ ಹೆಜ್ಜೆ ಹೇಗಿತ್ತು ಅಂತ ಜಗಳವಾಡಲು ಯಾರೂ ಇಲ್ಲ...

ಲೀಲಾ ಅವರನ್ನು ಬರೀ ಕಾರಂತರ ಹೆಂಡತಿ ಅಂದ್ರೆ ಅರ್ಧ ಮಾತ್ರ ಹೇಳಿದ ಹಾಗೆ. ಜತೆಗೆ ಕುಣಿದವರನ್ನು ಕುಣಿದವರು ಅಂತಲೇ ನೆನೆಯಬೇಕು.