ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಉದ್ಯೋಗ: ಮೂಲ ನಿಯಮಗಳು ಮತ್ತು ಕಾರ್ಮಿಕರ ಹಕ್ಕುಗಳು

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಸೇರಿದಂತೆ ರಾಜ್ಯದ ಹಲವು ಜಿಲ್ಲೆಗಳ ಜನರು ಉದ್ಯೋಗಕ್ಕಾಗಿ ದುಬೈ, ಅಬುಧಾಬಿ, ಶಾರ್ಜಾ ಮುಂತಾದೆಡೆಗೆ ತೆರಳುತ್ತಾರೆ. ಆ ದೇಶದ ಖಾಸಗಿ ವಲಯದ ಉದ್ಯೋಗಕ್ಕೆ 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನು ಅನ್ವಯಿಸುತ್ತದೆ. ಇದು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅರ್ಜಿದಾರರು ಒಪ್ಪಂದಕ್ಕೆ ಸಹಿ ಮಾಡುವ ಮುನ್ನ ಕೆಳಕಂಡ ಅಂಶಗಳನ್ನು ತಿಳಿದಿರತಕ್ಕದ್ದು.

1. ಹೊರಡುವ ಮುನ್ನ

10ನೇ ತರಗತಿ ತೇರ್ಗಡೆಯಾಗದೆ ಇಸಿಆರ್ ವರ್ಗದ ಪಾಸ್‌ಪೋರ್ಟ್ ಹೊಂದಿರುವವರು 1983ರ ವಲಸೆ ಅಧಿನಿಯಮದಂತೆ ವಲಸೆ ಅನುಮತಿ ಪಡೆಯಬೇಕು. ಇದನ್ನು ಕೇಂದ್ರ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ನೀಡಲಾಗುತ್ತದೆ. ನೋಂದಾಯಿತ ನೇಮಕಾತಿ ಏಜೆಂಟರು ಸೇವಾ ಶುಲ್ಕವಾಗಿ ರೂ. 30,000 ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ. ಹಣ ಪಾವತಿಸಿದಾಗ ರಸೀದಿ ಪಡೆಯುವುದು ಕಡ್ಡಾಯವೆಂದು ಭಾವಿಸಿರಿ.

ಸಂದರ್ಶಕ ವೀಸಾದಲ್ಲಿ ತೆರಳಿ ಕೆಲಸ ಮಾಡುವುದು ಅಲ್ಲಿ ಕಾನೂನುಬಾಹಿರ. “ಅಲ್ಲಿಗೆ ಹೋದ ಮೇಲೆ ವೀಸಾ ಬದಲಿಸಿಕೊಡುತ್ತೇವೆ” ಎಂಬ ಮಾತನ್ನು ನಂಬಬಾರದು.

2. ಒಪ್ಪಂದ ಮತ್ತು ಪರೀಕ್ಷಾವಧಿ

ಉದ್ಯೋಗ ಒಪ್ಪಂದವು ಲಿಖಿತವಾಗಿದ್ದು, ನಿಗದಿತ ಅವಧಿಯದಾಗಿರಬೇಕು. ಪರೀಕ್ಷಾವಧಿಯು 6 ತಿಂಗಳನ್ನು ಮೀರುವಂತಿಲ್ಲ. ಈ ಅವಧಿಯಲ್ಲಿ ಕೆಲಸದಿಂದ ತೆಗೆಯಬೇಕಾದರೂ ಮಾಲೀಕರು 14 ದಿನಗಳ ಲಿಖಿತ ಸೂಚನೆ ನೀಡಬೇಕು. ನೇಮಕಾತಿಯ ವೆಚ್ಚವನ್ನು ಮಾಲೀಕರೇ ಭರಿಸಬೇಕು. ಕಾರ್ಮಿಕರ ಪಾಸ್‌ಪೋರ್ಟನ್ನು ಮಾಲೀಕರು ವಶದಲ್ಲಿಟ್ಟುಕೊಳ್ಳುವಂತಿಲ್ಲ.

3. ಕೆಲಸದ ಅವಧಿ ಮತ್ತು ರಜೆ

• ದಿನಕ್ಕೆ 8 ಗಂಟೆ ಅಥವಾ ವಾರಕ್ಕೆ 48 ಗಂಟೆ. ವಾರಕ್ಕೆ ಕನಿಷ್ಠ ಒಂದು ದಿನ ವಿಶ್ರಾಂತಿ.
• ಹೆಚ್ಚುವರಿ ಅವಧಿಗೆ ಮೂಲ ವೇತನದ ದರಕ್ಕಿಂತ ಶೇ. 25ರಷ್ಟು ಹೆಚ್ಚು ವೇತನ. ಪಾಳಿ ಕೆಲಸ ಹೊರತುಪಡಿಸಿ, ರಾತ್ರಿ 10ರಿಂದ ಬೆಳಗಿನ 4 ಗಂಟೆಯೊಳಗೆ ಶೇ. 50ರಷ್ಟು ಹೆಚ್ಚು.
• ಒಂದು ವರ್ಷ ಸೇವೆ ಪೂರೈಸಿದವರಿಗೆ ವರ್ಷಕ್ಕೆ 30 ದಿನಗಳ ವೇತನಸಹಿತ ರಜೆ.
• ಪರೀಕ್ಷಾವಧಿಯ ನಂತರ ವರ್ಷಕ್ಕೆ 90 ದಿನಗಳವರೆಗೆ ಅನಾರೋಗ್ಯ ರಜೆ: ಮೊದಲ 15 ದಿನ ಪೂರ್ಣ ವೇತನ, ನಂತರದ 30 ದಿನ ಅರ್ಧ ವೇತನ, ಉಳಿದ ದಿನಗಳು ವೇತನರಹಿತ.
• ಹೆರಿಗೆ ರಜೆ 60 ದಿನ: 45 ದಿನ ಪೂರ್ಣ ವೇತನ, 15 ದಿನ ಅರ್ಧ ವೇತನ.

4. ಸೇವಾಂತ್ಯದ ಉಪದಾನ (ಗ್ರಾಚ್ಯುಟಿ)

ಒಂದು ವರ್ಷ ಪೂರೈಸಿದ ವಿದೇಶಿ ಕಾರ್ಮಿಕರಿಗೆ ಮೊದಲ ಐದು ವರ್ಷಗಳವರೆಗೆ ವರ್ಷಕ್ಕೆ 21 ದಿನಗಳ, ಆನಂತರ ವರ್ಷಕ್ಕೆ 30 ದಿನಗಳ ಮೂಲ ವೇತನ ಸಲ್ಲಬೇಕು. ಉದಾಹರಣೆಗೆ, ಮಾಸಿಕ ಮೂಲ ವೇತನ 1,500 ದಿರ್ಹಾಮ್ ಇದ್ದು 6 ವರ್ಷ ದುಡಿದವರಿಗೆ ದೊರೆಯುವ ಮೊತ್ತ 6,750 ದಿರ್ಹಾಮ್. ಭತ್ಯೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಒಪ್ಪಂದದಲ್ಲಿ ಒಟ್ಟು ವೇತನವನ್ನಷ್ಟೇ ಅಲ್ಲದೆ ಮೂಲ ವೇತನವನ್ನೂ ಅವಶ್ಯವಾಗಿ ಪರಿಶೀಲಿಸಿರಿ. ಸೇವೆ ಮುಗಿದ 14 ದಿನಗಳೊಳಗೆ ಎಲ್ಲಾ ಬಾಕಿ ಪಾವತಿಯಾಗತಕ್ಕದ್ದು.

5. ಮನೆಗೆಲಸದವರು

ಮನೆಗೆಲಸದವರು, ಮನೆಯ ಚಾಲಕರು, ಅಡುಗೆಯವರು ಮುಂತಾದವರಿಗೆ ಮೇಲಿನ ಕಾನೂನು ಅನ್ವಯಿಸುವುದಿಲ್ಲ; ಅವರಿಗೆ 2022ರ 9ನೇ ಸಂಖ್ಯೆಯ ಪ್ರತ್ಯೇಕ ಕಾನೂನು ಇದೆ. ಅದರಂತೆ ದಿನಕ್ಕೆ 12 ಗಂಟೆ ವಿಶ್ರಾಂತಿ (ಅದರಲ್ಲಿ 8 ಗಂಟೆ ಸತತವಾಗಿ), ವಾರಕ್ಕೊಂದು ವೇತನಸಹಿತ ರಜೆ ಹಾಗೂ ವರ್ಷಕ್ಕೆ 30 ದಿನಗಳ ರಜೆಗೆ ಅವರು ಅರ್ಹರು.

6. ದೂರು ಸಲ್ಲಿಕೆ

ವೇತನ ಅಥವಾ ಬಾಕಿ ದೊರೆಯದಿದ್ದಲ್ಲಿ ಆ ದೇಶದ ಮಾನವ ಸಂಪನ್ಮೂಲ ಮತ್ತು ಎಮಿರೇಟೀಕರಣ ಸಚಿವಾಲಯಕ್ಕೆ ದೂರು ನೀಡಬಹುದು. 50,000 ದಿರ್ಹಾಮ್‌ವರೆಗಿನ ವಿವಾದಗಳನ್ನು ಸಚಿವಾಲಯವೇ ತೀರ್ಮಾನಿಸಬಲ್ಲದು. ಭಾರತೀಯ ರಾಯಭಾರ ಕಚೇರಿ, ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಹಾಗೂ ‘ಮದದ್’ ಜಾಲತಾಣದ ನೆರವನ್ನೂ ಪಡೆಯಬಹುದು.

ವಿಶೇಷ ಸೂಚನೆ: ಪಾಸ್‌ಪೋರ್ಟ್, ವೀಸಾ, ಒಪ್ಪಂದ ಹಾಗೂ ಏಜೆಂಟರ ರಸೀದಿಯ ಒಂದೊಂದು ಪ್ರತಿಯನ್ನು ಊರಿನಲ್ಲಿರುವ ಕುಟುಂಬದವರ ಬಳಿ ಇಟ್ಟು ತೆರಳಿರಿ.