ಅಮ್ಮ ಇದ್ದ ಅರ್ಧ ಗಂಟೆ

2024ರ ಮಳೆಗಾಲದಲ್ಲಿ ಮಗಳು ಬಾಣಂತನಕ್ಕೆಂದು ಮನೆಗೆ ಬಂದಿದ್ದಳು. ಒಂದು ಸಂಜೆ ಮಗುವಿನ ತೊಟ್ಟಿಲು ತೂಗುತ್ತಾ, “ಅಮ್ಮಾ, ನನ್ನ ನಾಮಕರಣದ ಡಿವಿಡಿ ಇತ್ತಲ್ಲ, ಅದರಲ್ಲಿ ಅಜ್ಜಿ ಜೋಗುಳ ಹಾಡಿದ್ದು ಇದೆಯಾ?” ಎಂದು ಕೇಳಿದಳು. ನಾನು ಒಂದು ಕ್ಷಣ ಸುಮ್ಮನಾದೆ. ಅಮ್ಮ ತೀರಿಕೊಂಡು ಆಗಲೇ ಹದಿನೈದು ವರ್ಷವಾಗಿತ್ತು. “ಹುಡುಕೋಣ ಬಿಡು” ಎಂದೆನೇ ಹೊರತು, ಆ ಹಾಡು ಡಿವಿಡಿಯಲ್ಲಿ ಇಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ತೆಗೆಸಿದವಳು ನಾನೇ.

ಮಕ್ಕಳಿಗೆ ಮೂವತ್ತು ವರ್ಷ ಇತಿಹಾಸ ಪಾಠ ಹೇಳಿದವಳು ನಾನು. ನಮ್ಮ ಮನೆಯದೇ ಒಂದು ಸಣ್ಣ ಇತಿಹಾಸವನ್ನು ಕೈಯಾರೆ ಹಾಳುಮಾಡಿದ ಕಥೆ ಇದು.

ಮಗಳ ನಾಮಕರಣ ನಡೆದದ್ದು 1997ರಲ್ಲಿ, ತೀರ್ಥಹಳ್ಳಿ ಹತ್ತಿರದ ನನ್ನ ತವರಿನಲ್ಲಿ. ಮಸ್ಕತ್‌ನಲ್ಲಿದ್ದ ನನ್ನ ಮೈದುನ ರಜೆಗೆ ಬರುವಾಗ ಒಂದು ಹ್ಯಾಂಡಿಕ್ಯಾಮ್ ತಂದಿದ್ದ. ವೀಡಿಯೋ ನಮಗೆ ಹೊಸದೇನಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಜೊತೆಗೆ ಬಣ್ಣದ ಟಿ.ವಿ. ಬಂತು, ಅದರ ಹಿಂದೆಯೇ ವಿ.ಸಿ.ಆರ್. ಬಂತು, ಮದುವೆಮನೆಗಳಿಗೆ ವೀಡಿಯೋದವರೂ ಬಂದರು. ಅವರ ಹೆಗಲಿನ ಮೇಲೊಂದು ಭಾರದ ಕ್ಯಾಮೆರಾ, ಹಿಂದೆ ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗ. 1976ರಲ್ಲಿ ಜಪಾನಿನಲ್ಲಿ ಹೊರಬಂದ ವಿ.ಎಚ್.ಎಸ್. ಕ್ಯಾಸೆಟ್ಟಿನ ಟೇಪು ಅರ್ಧ ಇಂಚು ಅಗಲ. 1985ರಲ್ಲಿ ಎಂಟು ಮಿಲಿಮೀಟರ್ ಟೇಪಿನ ಪುಟ್ಟ ಕ್ಯಾಸೆಟ್ ಬಂದ ಮೇಲೆ ಕ್ಯಾಮೆರಾ ಒಂದೇ ಕೈಗೆ ಇಳಿಯಿತು. ಬಾಡಿಗೆಯ ವೀಡಿಯೋದವನು ಅಡುಗೆಮನೆಗೆ ಬರುತ್ತಿರಲಿಲ್ಲ, ಬಂದರೂ ನಾವು ಒಳಗೆ ಬಿಡುತ್ತಿರಲಿಲ್ಲ. ಮೈದುನ ಮನೆಯ ಹುಡುಗನಲ್ಲವೇ, ಹೋಳಿಗೆ ಬೇಯಿಸುವಲ್ಲಿಂದ ಹಿತ್ತಿಲ ಬಾವಿಕಟ್ಟೆಯವರೆಗೂ ಓಡಾಡಿ ತೊಂಬತ್ತು ನಿಮಿಷದ ಕ್ಯಾಸೆಟ್ ತುಂಬಿಸಿದ.

ಮುಂದೆ ಆ ಕ್ಯಾಮೆರಾ ಅವನೊಂದಿಗೆ ಹೊರಟುಹೋಯಿತು, ಕ್ಯಾಸೆಟ್ ನನ್ನ ಟ್ರಂಕು ಸೇರಿತು. ವಿ.ಸಿ.ಆರ್.ಗೆ ಹಾಕೋಣವೆಂದರೆ ಅದು ಹಿಡಿಸುವುದಿಲ್ಲ. ಅವನು ಊರಿಗೆ ಬಂದಾಗ ಮಾತ್ರ ಟಿ.ವಿ.ಗೆ ತಂತಿ ಸಿಕ್ಕಿಸಿ ನೋಡುವುದು. 2005ರಲ್ಲಿ ಬಂದಾಗ ಕ್ಯಾಮೆರಾವನ್ನು ನಮ್ಮಲ್ಲೇ ಬಿಟ್ಟುಹೋದ.

ಆ ವರ್ಷವೇ ನಮ್ಮ ಮನೆಗೆ ಕಂಪ್ಯೂಟರ್ ಬಂದಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ, “ಚಿಕ್ಕಮ್ಮಾ, ಟೇಪು ಹಾಳಾಗುವುದರೊಳಗೆ ಡಿವಿಡಿಗೆ ಹಾಕಿಬಿಡೋಣ” ಎಂದು ಹುರುಪಿನಿಂದ ಬಂದ. ಡಿವಿಡಿ 1996ರ ಕೊನೆಗೆ ಜಪಾನಿನ ಅಂಗಡಿಗಳಿಗೆ ಬಂದದ್ದು. ಮನೆಯಲ್ಲೇ ಬರೆಯುವ ಡ್ರೈವು ಜನಸಾಮಾನ್ಯರ ಕೈಗೆ ಎಟುಕಿದ್ದು 2001ರ ಈಚೆಗೆ. ಹುಡುಗ ಕಂಪ್ಯೂಟರಿನ ಹೊಟ್ಟೆ ತೆರೆದು ಒಂದು ಕಾರ್ಡು ಕೂರಿಸಿದ. ಕ್ಯಾಮೆರಾದಿಂದ ಹೊರಟ ಹಳದಿ, ಬಿಳಿ, ಕೆಂಪು ಪಿನ್ನುಗಳನ್ನು ಅದಕ್ಕೆ ಸಿಕ್ಕಿಸಿದ. ಹಳದಿಯಲ್ಲಿ ಚಿತ್ರ, ಉಳಿದೆರಡರಲ್ಲಿ ಧ್ವನಿ.

ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ತೊಂಬತ್ತು ನಿಮಿಷದ ಟೇಪು ಕಂಪ್ಯೂಟರಿಗೆ ಇಳಿಯಲು ತೊಂಬತ್ತು ನಿಮಿಷವೇ ಬೇಕು. ಕ್ಯಾಮೆರಾದೊಳಗೆ ನಿಮಿಷಕ್ಕೆ 1500 ಸುತ್ತು ತಿರುಗುವ ಪುಟ್ಟ ಉರುಳೆ ಟೇಪನ್ನು ಓರೆಯಾಗಿ ಸವರುತ್ತಾ, ಅದರ ಮೇಲಿನ ಕಾಂತದ ಗುರುತುಗಳನ್ನು ಓದುತ್ತದೆ. ಕಂಪ್ಯೂಟರ್ ಅದನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ. ಒಂದು ಗಂಟೆಗೆ ಸುಮಾರು 13 ಜಿ.ಬಿ. ಬೇಕು, ನಮ್ಮ ಹಾರ್ಡ್ ಡಿಸ್ಕು ಇದ್ದದ್ದೇ 40 ಜಿ.ಬಿ.

ಡಿವಿಡಿ ಹಿಡಿಸುವುದು 4.7 ಜಿ.ಬಿ. ಮಾತ್ರ. ಹಾಗಾಗಿ ಚಿತ್ರವನ್ನು ಕುಗ್ಗಿಸಬೇಕು. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಬದಲಾದದ್ದನ್ನೇ ಹೆಚ್ಚಾಗಿ ಬರೆದುಕೊಂಡು, ಗೋಡೆಯಂತೆ ಕದಲದೆ ಇದ್ದುದನ್ನು ಮತ್ತೆ ಮತ್ತೆ ಬರೆಯದೆ ಬಿಡುವುದು ಅದರ ಉಪಾಯ. ರಾತ್ರಿಯಿಡೀ ಕಂಪ್ಯೂಟರ್ ಗುರುಗುಟ್ಟುತ್ತಾ ಈ ಕೆಲಸ ಮಾಡಿತು. ಡಿಸ್ಕಿಗೆ ಬರೆಯುವಾಗ ಅರ್ಧದಲ್ಲೇ ಕರೆಂಟು ಹೋಗಿ ಒಂದು ಡಿಸ್ಕು ಕಸದ ಬುಟ್ಟಿಗೂ ಹೋಯಿತು.

ಎಡವಟ್ಟಾದದ್ದು ಇದಕ್ಕೂ ಮೊದಲು. “ಚಿಕ್ಕಮ್ಮಾ, ಪೂರ್ತಿ ಹಾಕಬಹುದು, ಆದರೆ ಚಿತ್ರ ಸ್ವಲ್ಪ ಮಂಕಾಗುತ್ತದೆ. ಒಂದು ಗಂಟೆಗೆ ಇಳಿಸಿದರೆ ಚೆನ್ನಾಗಿ ಬರುತ್ತದೆ” ಎಂದ ಹುಡುಗ. ಕೆಂಪು ಶಾಯಿಯ ಪೆನ್ನು ಹಿಡಿದು ಅಭ್ಯಾಸವಾದವಳು ನಾನು. “ಬೇಡದ್ದನ್ನು ತೆಗೆದುಬಿಡು” ಎಂದು ಪಕ್ಕದಲ್ಲಿ ಕೂತು ತೋರಿಸುತ್ತಾ ಹೋದೆ. ಪುರೋಹಿತರ ಮಂತ್ರ ಇರಲಿ, ಉಡುಗೊರೆ ಕೊಟ್ಟವರ ಸಾಲು ಇರಲಿ, ಇಲ್ಲದಿದ್ದರೆ ನಾಳೆ ಅವರು ಬೇಸರ ಮಾಡಿಕೊಂಡಾರು. ಹೊಗೆ ತುಂಬಿದ ಅಡುಗೆಮನೆ, ಕ್ಯಾಮೆರಾ ಅಲುಗಾಡಿದ ಹಿತ್ತಿಲು, ಊಟವೆಲ್ಲ ಮುಗಿದ ಮೇಲೆ ಮಂದ ಬೆಳಕಿನಲ್ಲಿ ಯಾರೋ ತೊಟ್ಟಿಲು ತೂಗುವುದು, ಇವೆಲ್ಲ ಬೇಡ. ಆ ‘ಯಾರೋ’ ನನ್ನ ಅಮ್ಮ. ಆಗ ಅಮ್ಮ ಒಳಗೆ ಅಕ್ಕಿ ಆರಿಸುತ್ತಿದ್ದರು. ಕಣ್ಣೆದುರಿಗೇ ಇದ್ದವರನ್ನು ಕಾಪಿಡಬೇಕೆಂದು ಯಾರಿಗೆ ಹೊಳೆಯುತ್ತದೆ? ಜಾಗ ಸಾಲದೆಂದು ಹಾರ್ಡ್ ಡಿಸ್ಕಿನಲ್ಲಿದ್ದುದನ್ನೂ ಅಳಿಸಿದೆವು.

ಉಳಿದ ಆ ಒಂದು ಗಂಟೆಯಾದರೂ ಉಳಿಯಿತೇ? ಮಗಳು ಕೇಳಿದ ಮಾರನೆಯ ದಿನ ಡಿವಿಡಿ ಹುಡುಕಿದೆ. ಈಗಿನ ಲ್ಯಾಪ್‌ಟಾಪಿನಲ್ಲಿ ಡಿಸ್ಕು ಹಾಕುವ ಬಾಯಿಯೇ ಇಲ್ಲ. ಸಹೋದ್ಯೋಗಿಯೊಬ್ಬರಿಂದ ಬೇರೆ ಡ್ರೈವು ತಂದು ಹಾಕಿದರೆ ಅದು ತಿರುಗಿತು, ತಿರುಗಿತು, ಏನೂ ತೋರಿಸಲಿಲ್ಲ. ಸಿನಿಮಾದ ಡಿಸ್ಕನ್ನು ಕಾರ್ಖಾನೆಯಲ್ಲಿ ಅಚ್ಚೊತ್ತುತ್ತಾರೆ. ಮನೆಯಲ್ಲಿ ಬರೆಯುವ ಡಿಸ್ಕಿನಲ್ಲಿರುವುದು ಬಣ್ಣದ ಒಂದು ತೆಳು ಪದರ. ಲೇಸರ್ ಅದರ ಮೇಲೆ ಗುರುತು ಮಾಡುತ್ತದೆ. ಬಿಸಿಲು, ಸೆಕೆ, ತೇವ ತಾಕಿದರೆ ಆ ಪದರ ಕೆಡುತ್ತದೆ. ಸಾಲದ್ದಕ್ಕೆ ನಾನು ಅದರ ಮೇಲೆ ಹೂವಿನ ಚಿತ್ರದ ಕಾಗದದ ಲೇಬಲ್ ಅಂಟಿಸಿದ್ದೆ. ಅದೂ ಮಾಡಬಾರದ ಕೆಲಸವೇ.

ಕೊನೆಗೆ ಉಳಿದದ್ದು ಟ್ರಂಕಿನ ತಳದಲ್ಲಿದ್ದ ಹಳೆಯ ಕ್ಯಾಸೆಟ್. ಮಲೆನಾಡಿನ ಮಳೆಗಾಲಗಳನ್ನು ಕಂಡ ಅದರ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಅಟ್ಟದ ಮೇಲಿನ ಕ್ಯಾಮೆರಾ ಬಾಯಿ ತೆರೆಯಲಿಲ್ಲ. ಇಂಥ ಯಂತ್ರಗಳನ್ನು ಹೊಸದಾಗಿ ಕೊಳ್ಳುವ ಕಾಲ ಮುಗಿದುಹೋಗಿದೆ, ವಿ.ಸಿ.ಆರ್. ತಯಾರಿಕೆಯೇ 2016ರಲ್ಲಿ ನಿಂತಿತು. ಶಿವಮೊಗ್ಗದಲ್ಲಿ ಮದುವೆಗಳಿಗೆ ವೀಡಿಯೋ ತೆಗೆಯುತ್ತಿದ್ದ ಹಿರಿಯರೊಬ್ಬರ ಬಳಿ ಓಡುವ ಸ್ಥಿತಿಯಲ್ಲಿದ್ದ ಕ್ಯಾಮೆರಾ ಇದೆಯೆಂದು ತಿಳಿದು ಹೋದೆ. “ಬೂಷ್ಟು ಇರುವ ಹಾಗೆಯೇ ಓಡಿಸಿದರೆ ಟೇಪೂ ಹೋಗುತ್ತದೆ, ಕ್ಯಾಮೆರಾನೂ ಹೋಗುತ್ತದೆ ಮೇಡಂ” ಎಂದು ಅವರು ಎರಡು ದಿನ ಕೂತು ಟೇಪನ್ನು ಒರೆಸಿ ಒಣಗಿಸಿದರು. ಈ ಸಲ ಕಾರ್ಡು ಬೇಕಾಗಲಿಲ್ಲ, ಬೆರಳುದ್ದದ ಒಂದು ಸಾಧನವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಆಯಿತು.

ಅಡುಗೆಮನೆಯ ಹೊಗೆಯಲ್ಲಿ ಅಮ್ಮ ಕಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಳಿಗೆ ಮಗುಚುತ್ತಾ, “ನನ್ನನ್ನೆಂತಕ್ಕೆ ತೆಗೀತೀಯ ಮಾರಾಯ, ಹೋಗಿ ಮಗುವನ್ನು ತೆಗಿ” ಎಂದರು. ಹದಿನೈದು ವರ್ಷದ ಮೇಲೆ ಆ ಧ್ವನಿ ಕೇಳಿ ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಾವಿಕಟ್ಟೆ ಬಂತು, ಹಿತ್ತಿಲು ಬಂತು. ಕೊನೆಗೆ ಮಂದ ಬೆಳಕಿನ ತೊಟ್ಟಿಲು ಬಂತು. ಅಮ್ಮ ಬಾಯಿ ತೆರೆದು ಒಂದು ಸಾಲು ಹಾಡಿದರು. ಅಷ್ಟರಲ್ಲಿ ತೆರೆಯ ತುಂಬ ಬಿಳಿ ಚುಕ್ಕೆಗಳು, ಬರೀ ಸದ್ದು. ಅವರು ಮತ್ತೆ ಮತ್ತೆ ಪ್ರಯತ್ನಿಸಿದರೂ ಅದರಿಂದಾಚೆ ಏನೂ ಬರಲಿಲ್ಲ. 2005ರಲ್ಲಿ ಆ ಹಾಡು ಸ್ಪಷ್ಟವಾಗಿ ಕೇಳುತ್ತಿತ್ತು.

ದಾನಚಿಂತಾಮಣಿ ಅತ್ತಿಮಬ್ಬೆಯ ಪಾಠವನ್ನು ಎಷ್ಟು ಸಲ ಹೇಳಿದ್ದೇನೋ. 10ನೆಯ ಶತಮಾನದಲ್ಲಿ ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. “ಸಾವಿರ ಯಾಕೆ?” ಎಂದು ತರಗತಿಯಲ್ಲಿ ಕೇಳಿದಾಗ ಒಬ್ಬ ಹುಡುಗಿ, “ಒಂದನ್ನು ಹುಳ ತಿಂದರೆ ಇನ್ನೊಂದು ಇರಲಿ ಅಂತ ಟೀಚರ್” ಎಂದಿದ್ದಳು. ಅವಳಿಗೆ ಶಹಭಾಸ್ ಎಂದು ಹೇಳಿ ಮನೆಗೆ ಬಂದ ನಾನು, ಒಂದೇ ಒಂದು ಡಿಸ್ಕನ್ನು ನಂಬಿ ಕೂತಿದ್ದೆ. ತಾಳೆಗರಿ ಹಳತಾದರೆ ಹೊಸ ಗರಿಗೆ ನಕಲು ಮಾಡಬೇಕಿತ್ತು; ಟೇಪು, ಡಿಸ್ಕು, ಈಗಿನ ಪೆನ್‌ಡ್ರೈವು ಯಾವುದೂ ಇದಕ್ಕೆ ಹೊರತಲ್ಲ. ನಿಮ್ಮ ಬೀರುವಿನಲ್ಲೂ ಮದುವೆಯದೋ ಮುಂಜಿಯದೋ ಕ್ಯಾಸೆಟ್ ಇದ್ದರೆ ಮುಂದಿನ ಮಳೆಗಾಲದವರೆಗೆ ಕಾಯಬೇಡಿ. ಇಳಿಸುವಾಗ ಪೂರ್ತಿ ಇಳಿಸಿ. ಏನು ಬೇಕು ಏನು ಬೇಡ ಎಂಬುದನ್ನು ಮುಂದಿನವರು ಹೇಳಲಿ.

ಸಿಕ್ಕಿದ್ದನ್ನು ಈಗ ಮೂರು ಕಡೆ ಇಟ್ಟಿದ್ದೇವೆ. ಒಂದು ಪ್ರತಿ ಅಕ್ಕನ ಮನೆಯಲ್ಲಿದೆ. ಅದನ್ನು ಕೊಡಲು ಹೋದ ದಿನ ಇಬ್ಬರೂ ಕೂತು ಅಮ್ಮನ ಜೋಗುಳವನ್ನು ನೆನಪಿಸಿಕೊಂಡೆವು. ನನಗೆ ನಾಲ್ಕು ಸಾಲು ಬಂತು, ಅಕ್ಕನಿಗೆ ಇನ್ನೆರಡು. ನಡುವೆ ಒಂದು ಸಾಲು ಇಬ್ಬರಿಗೂ ಹೊಳೆಯಲಿಲ್ಲ. ಮಗಳು ಅಷ್ಟನ್ನೇ ಕಲಿತಿದ್ದಾಳೆ. ಮರೆತ ಸಾಲು ಬಂದಾಗ ಸುಮ್ಮನೆ ಗುನುಗುತ್ತಾಳೆ, ತೊಟ್ಟಿಲು ತೂಗುತ್ತಿರುತ್ತದೆ.