ದೊಡ್ಡ ಪರದೆಯ ಮಾರಿಯೊ ಅಂಗೈಗೆ ಬಂದ ಕಥೆ



ಹೊಸ ಗೇಮ್ ಇಳಿಸಿಕೊಳ್ಳಲು ಹೋದರೆ 'ಈ ಫೋನಿಗೆ ಇದು ಹೊಂದುವುದಿಲ್ಲ' ಎಂಬ ಸೂಚನೆ ಬರುವುದು ನಮ್ಮಲ್ಲಿ ಹಲವರಿಗೆ ಹೊಸತೇನಲ್ಲ. ಸಣ್ಣ ಯಂತ್ರಕ್ಕೆ ದೊಡ್ಡ ಆಟವನ್ನು ಹೊಂದಿಸುವುದು ಅಷ್ಟು ಕಷ್ಟವೇ? ಅದನ್ನು ತಿಳಿಯಲು ಈ ಸಲ ಮಾರಿಯೊನ ಚರಿತ್ರೆಯ ಒಂದು ಪುಟ ತೆರೆದು ನೋಡೋಣ.

1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿಯ 'ಸೂಪರ್ ಮಾರಿಯೊ ಬ್ರದರ್ಸ್' ಬಿಡುಗಡೆಯಾಯಿತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಇದನ್ನು ರೂಪಿಸಿದವರು. ಸಂಗೀತ ಕೋಜಿ ಕೊಂಡೊ ಅವರದು. ಓಡಿ, ಹಾರಿ, ಹೊಂಡ ದಾಟಿ ಮುಂದೆ ಸಾಗುವ 32 ಹಂತಗಳು. ಇಷ್ಟೆಲ್ಲ ಹಿಡಿದದ್ದು ಕೇವಲ 40 ಕಿಲೋಬೈಟ್‌ನಲ್ಲಿ! ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೊಗೆ ಅದರ ಹತ್ತಾರು ಪಟ್ಟು ಜಾಗ ಬೇಕು. ಜಾಗ ಉಳಿಸಲು ಮೋಡಕ್ಕೂ ಪೊದೆಗೂ ಒಂದೇ ಚಿತ್ರ ಬಳಸಿ ಬಣ್ಣ ಮಾತ್ರ ಬದಲಿಸಿದ್ದರು. ನಮ್ಮ ದೇಶದಲ್ಲಿ ಟಿವಿಗೆ ಜೋಡಿಸುವ ನಕಲಿ ಯಂತ್ರಗಳ ಮೂಲಕ ಈ ಆಟ ಮನೆಮನೆಗೆ ಬಂತು. ನಿಮ್ಮ ಅಣ್ಣ, ಅಕ್ಕ, ಮಾವಂದಿರನ್ನು ಕೇಳಿ ನೋಡಿ!

ಈ ಆಟವನ್ನು 1999ರಲ್ಲಿ 'ಗೇಮ್ ಬಾಯ್ ಕಲರ್' ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ತಂದರು. ಹೆಸರು 'ಸೂಪರ್ ಮಾರಿಯೊ ಬ್ರದರ್ಸ್ ಡಿಲಕ್ಸ್'. ಆ ಹೊತ್ತಿಗೆ ಟಿವಿ ಆಟಗಳು ಮೂರು ಆಯಾಮಕ್ಕೆ ಏರಿಯಾಗಿತ್ತು. ಗೇಮ್ ಬಾಯ್ ಕಲರ್ ಮಾತ್ರ ಇನ್ನೂ 8 ಬಿಟ್ ಪ್ರೊಸೆಸರಿನ, ಎರಡು ಸಣ್ಣ ಸೆಲ್‌ಗಳಲ್ಲಿ ನಡೆಯುವ ಯಂತ್ರ.

ಮೊದಲ ತೊಡಕು ಪರದೆಯದು. ಸ್ವಲ್ಪ ಲೆಕ್ಕ ಹಾಕೋಣ. ಮೂಲ ಆಟದ ಚಿತ್ರ 256 ಅಡ್ಡ, 240 ಉದ್ದ, ಅಂದರೆ 61,440 ಚುಕ್ಕೆಗಳು. ಗೇಮ್ ಬಾಯ್ ಕಲರ್ ಪರದೆ 160 ಅಡ್ಡ, 144 ಉದ್ದ, ಅಂದರೆ 23,040. ಎಂಟು ಪಾಲಿನಲ್ಲಿ ಮೂರು ಪಾಲು ಮಾತ್ರ! ಒಂದು ಇಟ್ಟಿಗೆಗೆ 16 ಚುಕ್ಕೆ. ಹಾಗಾಗಿ ಟಿವಿಯಲ್ಲಿ ಅಡ್ಡಕ್ಕೆ 16 ಇಟ್ಟಿಗೆ ಕಂಡರೆ ಇಲ್ಲಿ ಹತ್ತೇ.

ಎದುರಿಗಿದ್ದದ್ದು ಎರಡು ದಾರಿ. ಒಂದು, ಎಲ್ಲವನ್ನೂ ಕುಗ್ಗಿಸುವುದು. 1989ರಲ್ಲಿ ಮೊದಲ ಗೇಮ್ ಬಾಯ್‌ಗೆಂದೇ ಮಾಡಿದ 'ಸೂಪರ್ ಮಾರಿಯೊ ಲ್ಯಾಂಡ್' ಆಟದಲ್ಲಿ ಮಾರಿಯೊ ಪುಟ್ಟದಾಗಿದ್ದ. ಆದರೆ ಅದು ಹೊಸ ಆಟ, ಹಂತಗಳೂ ಹೊಸವು. ಎರಡನೆಯದು, ಮಾರಿಯೊನ ಗಾತ್ರ ಉಳಿಸಿ ನೋಟವನ್ನು ಕಿರಿದಾಗಿಸುವುದು. ಡಿಲಕ್ಸ್ ಹಿಡಿದದ್ದು ಈ ದಾರಿ. ಹಳೆಯ ಹಂತಗಳು, ಹಳೆಯ ಅಳತೆಯ ಜಿಗಿತ ಹಾಗೆಯೇ ಉಳಿದವು.

ಇದಕ್ಕೆ ಬೆಲೆಯೂ ತೆರಬೇಕಾಯಿತು. ಇಂಥ ಆಟದಲ್ಲಿ ಆಡುವವನಿಗೂ ಆಟಕ್ಕೂ ನಡುವೆ ಒಂದು ನಂಬಿಕೆ ಇದೆ: ಹೊಂಡ ಮೊದಲೇ ಕಾಣುತ್ತದೆ, ಬಿದ್ದರೆ ತಪ್ಪು ನನ್ನದು. ನೋಟ ಕಿರಿದಾದಾಗ ಕಾಣದ ಶತ್ರುವಿಗೆ ಡಿಕ್ಕಿ ಹೊಡೆದು ಸೋಲಬೇಕಾಗುತ್ತದೆ. ಅದು ಅನ್ಯಾಯ. ಅದಕ್ಕಾಗಿ ಮೇಲೆ, ಕೆಳಗೆ ಗುಂಡಿ ಒತ್ತಿದರೆ ನೋಟವೂ ಆ ಕಡೆ ಸರಿಯುವಂತೆ ಮಾಡಿದರು. ಸೆಲೆಕ್ಟ್ ಗುಂಡಿ ಒತ್ತಿದರೆ ಪರದೆ ಸರಿಯುವ ರೀತಿಯೂ ಬದಲಾಗುತ್ತಿತ್ತು. ತೊಂದರೆ ಪೂರ್ತಿ ನೀಗಲಿಲ್ಲ, ಆದರೆ ನಂಬಿಕೆ ಮುರಿಯಲಿಲ್ಲ.

ಎರಡನೇ ತೊಡಕು ಒಳಗಿನದು. ಎರಡು ಯಂತ್ರಗಳ ಪ್ರೊಸೆಸರ್ ಬೇರೆ ಬೇರೆ. ಒಂದರ ಆದೇಶ ಇನ್ನೊಂದಕ್ಕೆ ತಿಳಿಯದು. ಆದ್ದರಿಂದ ಹಳೆಯ ಪ್ರೋಗ್ರಾಮನ್ನು ಹಾಗೆಯೇ ತಂದು ಹಾಕುವಂತಿರಲಿಲ್ಲ, ಹೊಸ ಯಂತ್ರದ ಭಾಷೆಯಲ್ಲಿ ಬರೆಯಬೇಕಿತ್ತು.

ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಕೊಟ್ಟದ್ದೂ ಉಂಟು. ಕೈಯ ಆಟವನ್ನು ಬಸ್ಸಿನಲ್ಲಿ, ಬಿಡುವಿನ ಹತ್ತು ನಿಮಿಷದಲ್ಲಿ ಆಡುತ್ತಾರೆ. ಅದಕ್ಕೆ ತಕ್ಕಂತೆ, ಮೂಲದಲ್ಲಿ ಇಲ್ಲದಿದ್ದ ಸೇವ್ ಸೌಲಭ್ಯ ಬಂತು. ಕೆಂಪು ನಾಣ್ಯ ಹುಡುಕುವ ಸವಾಲುಗಳು ಸೇರಿದವು. 3,00,000 ಅಂಕ ಗಳಿಸಿದವರಿಗೆ ಇನ್ನೂ ಕಠಿಣವಾದ ಹಂತಗಳು ತೆರೆದುಕೊಳ್ಳುತ್ತಿದ್ದವು.

ಆದರೆ ಆ ಸೇವ್ ಉಳಿಯುವುದು ಕಾರ್ಟ್ರಿಜ್ ಒಳಗಿನ ಪುಟ್ಟ ಬ್ಯಾಟರಿಯಿಂದ. ಬ್ಯಾಟರಿ ಸತ್ತರೆ ವರ್ಷಗಳ ಹಿಂದಿನ ಆಟಗಾರನ ಗುರುತೂ ಅಳಿಯುತ್ತದೆ. 2014ರಲ್ಲಿ ಈ ಆಟ ನಿಂಟೆಂಡೊ 3ಡಿಎಸ್‌ನ ಆನ್‌ಲೈನ್ ಅಂಗಡಿಗೆ ಮರಳಿ ಬಂತು. 2023ರ ಮಾರ್ಚಿನಲ್ಲಿ ಆ ಅಂಗಡಿಯಲ್ಲೂ ಮಾರಾಟ ನಿಂತಿತು. ಯಂತ್ರಗಳು ಹಳತಾಗುತ್ತವೆ, ಅಂಗಡಿಗಳು ಮುಚ್ಚುತ್ತವೆ. ಯಾರಾದರೂ ಕುಳಿತು ಹೊಸ ಪಾತ್ರೆಗೆ ಸುರಿದರೆ ಮಾತ್ರ ಆಟ ಉಳಿಯುತ್ತದೆ.

ಬಿಎಸ್ಸಿ, ಬಿಸಿಎ ಓದುತ್ತಿರುವ ತಮ್ಮ ತಂಗಿಯರೇ, ಒಳ್ಳೆಯ ಕೆಲಸಕ್ಕೆ ದುಬಾರಿ ಲ್ಯಾಪ್‌ಟಾಪ್ ಬೇಕೆಂದು ಕಾಯಬೇಡಿ. ಇರುವ ಜಾಗದಲ್ಲಿ ಏನನ್ನು ಬಿಡಬಹುದು, ಏನನ್ನು ಬಿಡಲೇಬಾರದು ಎಂದು ತೀರ್ಮಾನಿಸುವುದೇ ಅರ್ಧ ಜಾಣ್ಮೆ. ಮಾರಿಯೊನ ಜಿಗಿತವನ್ನು ಅವರು ಬಿಡಲಿಲ್ಲ. ಹಾಗಾಗಿಯೇ ಮೂರು ಪಾಲಿನ ಪರದೆಯಲ್ಲೂ ಅದು ಅದೇ ಆಟವಾಗಿ ಉಳಿಯಿತು.